ಇದ್ದಿಲು ತೊಳೆಯುವುದು

ಬೊಟ್ರೊಪ್ಪಿನಲ್ಲಿ ಬಸ್ಸು ತಿರುಗುವ ಮೂಲೆಗೆ ನನ್ನ ಅಂಗಡಿ.
ಮೀನು, ಹವಳ, ಉಪ್ಪಿನ ಬಕೆಟ್ಟು, ಒಂದು ಮುದಿ ಆಮೆ.
ಆಮೆ ಮಾರಾಟಕ್ಕಿಲ್ಲ.
ಶನಿವಾರ ನಾನು ಬಾಗಿಲು ತೆಗೆಯುವ ಮೊದಲೇ
ಗಾಜಿಗೆ ಮೂಗೊತ್ತಿ ನಿಂತಿದ್ದ ಎವಾಲ್ಡ್ ಕೊವೊಲ್ಲಿಕ್,
ಕೈಯಲ್ಲಿ ಮೊಸರು ಡಬ್ಬಿಯ ಬಿಳಿ ಮುಚ್ಚಳ.

"ನುರ್ಜಾನ್, ನನ್ನ ನೀರು ಹಳದಿ ಅಂತಾಳೆ ಮೊಮ್ಮಗಳು.
ನನಗೇನೂ ಕಾಣಲ್ಲ."
ಕಾಣುವುದಿಲ್ಲ. ಹಳದಿ ಬರುವುದೇ ಹಾಗೆ,
ದಿನಕ್ಕೊಂದು ಎಳೆ,
ಅಡಿಗೆಮನೆಯ ಪರದೆಗೆ ಸಿಗರೇಟಿನ ಹೊಗೆ ಕೂತಂತೆ.
ಮುಚ್ಚಳವನ್ನು ತೊಟ್ಟಿಯ ಆ ತುದಿಗೆ ಹಿಡಿಸಿ
ಈ ತುದಿಯಿಂದ ನೋಡಿದಳಂತೆ ಹುಡುಗಿ:
ಬಿಳಿಯಲ್ಲ, ಬೆಣ್ಣೆ. ಬೆಣ್ಣೆಯೂ ಅಲ್ಲ, ಚಹಾ ಚೆಲ್ಲಿದ ಕಾಗದ.
ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ;
ಇಲ್ಲಿ ತಿರುಗುಮುರುಗು,
ನೀರಿಗೆ ಕಾಮಾಲೆ, ಕಣ್ಣಿಗೆ ಸುದ್ದಿಯಿಲ್ಲ.

"ಇದ್ದಿಲು ಬೇಕು" ಎಂದೆ.
ನಕ್ಕ. ಆಮೇಲೆ ಕೆಮ್ಮಿದ. ಅವನ ನಗುವಿಗೆ ಯಾವಾಗಲೂ ಅದೇ ಬಾಲ.
ಮೂವತ್ತೊಂದು ವರ್ಷ ಸಾವಿರ ಮೀಟರು ಕೆಳಗೆ
ಕರಿಗೋಡೆ ಕೊರೆದವನಿಗೆ ನಾನು
ಇದ್ದಿಲು ಮಾರಬೇಕು, ಗ್ರಾಮಿನ ಲೆಕ್ಕದಲ್ಲಿ.
ನನ್ನಪ್ಪನದೂ ಅದೇ ಗಣಿ, ರಾತ್ರಿ ಪಾಳಿ.
ಎಷ್ಟು ತಿಕ್ಕಿದರೂ ಕಣ್ಣಂಚಿಗೆ ಕಾಡಿಗೆ ಉಳಿಯುತ್ತಿತ್ತು.
ಅಮ್ಮ ಅದನ್ನು ನೋಡಿ ಏನೋ ಪಿಸುಗುಟ್ಟುವಳು,
ನಾವು ಮಕ್ಕಳು ಅಂಗಳಕ್ಕೆ ಹೋಗಬೇಕು.

ಎರಡು ಡಬ್ಬಿ ಇಟ್ಟೆ.
ಒಂದು ಕಲ್ಲಿದ್ದಲಿನದು: ರಂಧ್ರ ದೊಡ್ಡದು,
ಹಳದಿಯಂಥ ದಪ್ಪ ಕೊಳೆಯನ್ನು ಬೇಗ ನುಂಗುತ್ತದೆ.
ಇನ್ನೊಂದು ತೆಂಗಿನ ಚಿಪ್ಪಿನದು, ಮಿಂದನಾವೊದಿಂದ ಬಂದದ್ದು:
ರಂಧ್ರ ಸಣ್ಣ, ಕಾಳು ಗಟ್ಟಿ, ಪುಡಿ ಕಡಿಮೆ.
ಅವನ ಕೈ ಎಲ್ಲಿಗೆ ಹೋಗುತ್ತದೆಂದು ಗೊತ್ತಿತ್ತು.
ಮುಚ್ಚಳ ತಿರುಪಿ ಮೂಸಿದ,
ಒಂದು ಹರಳನ್ನು ಬೆರಳ ನಡುವೆ ಒತ್ತಿ
"ಇದು ನಮ್ಮದಲ್ಲ" ಎಂದ,
ತೊಟ್ಟಿಲೊಳಗೆ ಇಣುಕಿ ಯಾರ ಮೂಗೆಂದು ಹೇಳುವವರ ಹಾಗೆ.

ಎರಡು ಲೋಟ ಶುದ್ಧ ನೀರು, ಚಮಚ ಚಮಚ ಇದ್ದಿಲು,
ಒಂದು ಗಂಟೆ. ಫಾಸ್ಫೇಟು ಪರೀಕ್ಷೆಯ ಹನಿ ಬಿಟ್ಟೆ.
ತೆಂಗಿನದು ನೀರಾಗಿಯೇ ಉಳಿಯಿತು.
ಕಲ್ಲಿದ್ದಲಿನದು ನೀಲಿಗಟ್ಟಿತು.
ನೀಲಿಯೆಂದರೆ ಅವನ ತೊಟ್ಟಿಯ ಪಾಚಿಗೆ ಹಬ್ಬದೂಟ.
ಎಲ್ಲ ಕಲ್ಲಿದ್ದಲೂ ಹೀಗಲ್ಲ, ಈ ಡಬ್ಬಿ ಮಾತ್ರ, ಎಂದೆ.
ಅವನು ಲೋಟವನ್ನೇ ನೋಡುತ್ತಿದ್ದ.
"ಕೊಡು, ಆ ಕಾಯಿಯದನ್ನೇ ಕೊಡು."
ದುಡ್ಡು ಎಣಿಸುವಾಗ ನನ್ನ ಮುಖ ನೋಡಲಿಲ್ಲ.

ಇದ್ದಿಲು ತೊಳೆದರೆ ಬೆಳ್ಳಗಾದೀತೇ ಅನ್ನುತ್ತಾರೆ.
ಬೆಳ್ಳಗಾಗಲೆಂದು ತೊಳೆಯುವುದಲ್ಲ ಇದು.
ಆ ಸಂಜೆ ಅವನ ನೆಲಮಾಳಿಗೆಯಲ್ಲಿ
ಬಲೆಚೀಲ ಹಿಡಿದು, ನಲ್ಲಿ ಬಿಟ್ಟು
ಏಳು ನೀರು, ಎಂಟು ನೀರು, ಹನ್ನೊಂದು ನೀರು,
ಮಸಿ ಬಿಡುವ ತನಕ ಜಾಲಿಸಿದ.
"ಧೂಳು ಒಳಗೆ ಹೋಗಬಾರದು."
ಹಳದಿ ಟ್ಯಾಂಗ್ ಮೀನಿನ ಕೆನ್ನೆಯ ಮೇಲೆ ಸವೆದ ಗೆರೆ ತೋರಿಸಿ
"ಇದಕ್ಕೂ ಧೂಳೇ ಕಾರಣ ಅನ್ನುವವರುಂಟು.
ಖಚಿತವಿಲ್ಲವಂತೆ.
ನನ್ನ ಕಾಗದದಲ್ಲಿ ಡಾಕ್ಟರೂ ಹಾಗೇ ಬರೆದಿದ್ದ."

ಡಬ್ಬಿಯ ಮೇಲೆ ಒಂದು ಲೋಟ ಅಂತಿತ್ತು; ಅವನು ಕಾಲು ಹಾಕಿದ.
ನೀರು ಒಮ್ಮೆಲೇ ತಿಳಿಯಾದರೆ ಬೆಳಕು ಬಡಿದು
ಹವಳ ಬಿಳಿಚಿಕೊಂಡೀತೆಂದು
ಎಚ್ಚರಿಸಲು ನಾನು ಬಾಯಿ ತೆರೆದಿದ್ದೆ.
"ಪಂಜರ ಮೇಲೆ ಬಂದಾಗ," ಎಂದ, "ಜೂನಿನ ಮಧ್ಯಾಹ್ನ,
ಮೊದಲು ನಮ್ಮ ನಮ್ಮ ಬೂಟು ನೋಡಿಕೊಳ್ಳುತ್ತಿದ್ದೆವು."

ಮೂರು ವಾರಕ್ಕೆ ಮುಚ್ಚಳ ಮೊಸರಿನ ಬಿಳಿಗೆ ಬಂತಂತೆ.
ತುಂಬಿದ ಇದ್ದಿಲೂ ನೋಡಲಿಕ್ಕೆ ಅಷ್ಟೇ ಕಪ್ಪು,
ತಾರೀಕು ಬರೆದಿಡು, ಮರೆಯದೆ ಬದಲಿಸು, ಎಂದೆ.
ಫೋನಿನಲ್ಲಿ ಬರೀ ಉಸಿರು ಕೇಳಿಸಿತು, ಆಮೇಲೆ ಹ್ಞೂಂ.

ಆ ಇನ್ನೊಂದು ಡಬ್ಬಿ ನನ್ನ ಗಲ್ಲಾಪೆಟ್ಟಿಗೆಯ ಪಕ್ಕ
ತೆರೆದದ್ದು ತೆರೆದ ಹಾಗೆಯೇ ಇದೆ. ಮಾರುವಂತಿಲ್ಲ.
ಒಂದೊಂದು ದಿನ ಆಮೆಗೆ ಸೊಪ್ಪು ಹಾಕಿ, ದೀಪ ಆರಿಸುವ ಮೊದಲು
ಮುಚ್ಚಳ ತಿರುಪಿ ಮೂಸುತ್ತೇನೆ.
ಅಪ್ಪನ ಅಂಗಿಯ ವಾಸನೆ ಇಲ್ಲ. ಯಾವ ವಾಸನೆಯೂ ಇಲ್ಲ.
ಎವಾಲ್ಡ್ ಹೇಳಿದ್ದು ಸರಿ.
ನಮ್ಮದಲ್ಲ.