ಇನ್ನೂರು ಗ್ರಾಂ

ಶುಕ್ರವಾರ ರಾತ್ರಿ ಬ್ರೆಡ್ಡಿನ ತಟ್ಟೆಗಳನ್ನೆಲ್ಲ ಇಳಿಸಿ
ಅದೇ ವ್ಯಾನಿಗೆ ನನ್ನ ಕಾರ್ಟನ್ನು ಏರಿಸುತ್ತಾನೆ ಅಪ್ಪ.
ಐದು ದಿನ ಯೀಸ್ಟು, ಎರಡು ದಿನ ಪೆಟ್ರೋಲು:
ವ್ಯಾನಿಗೇ ಮರೆತುಹೋಗಿದೆ ತನ್ನ ವಾಸನೆ ಯಾವುದೆಂದು.
ಹಿಟ್ಟು ಮಾತ್ರ ಎಲ್ಲಿಗೂ ಜೊತೆ ಬರುತ್ತದೆ,
ಗ್ಲೌಸಿನ ಹೊಲಿಗೆಯಲ್ಲಿ, ಹೆಲ್ಮೆಟ್ಟಿನ ಹತ್ತಿಯಲ್ಲಿ.
"ನೀವೆಸ್, ಬ್ರೇಕಿಗೆ ಇವತ್ತು ಬೆಣ್ಣೆ ಹಚ್ಚಿದ್ದೀಯೇನೇ?"
ಕೇಳುತ್ತಾನೆ ತಾರ್ಚೀಸಿಯೊ.
ಅವನಿಗೆ ಮೂರು ಇಂಜಿನ್ನು, ಸಂಬಳದ ಮೆಕ್ಯಾನಿಕ್ಕು,
ನೆರಳಿಗೊಂದು ಡೇರೆ. ನಮಗೆ ವ್ಯಾನಿನ ಬಾಗಿಲು.

ನೂರಹತ್ತು ಕಿಲೋ ಇರಬೇಕು ಗಾಡಿ, ನಾನೂ ಸೇರಿ.
ಕಡಿಮೆ ಬಿದ್ದದ್ದಕ್ಕೆ ಸೀಟಿನ ಬೆನ್ನಿಗೆ ಸೀಸದ ಬಿಲ್ಲೆ.
ಹೋದ ವರ್ಷ ಐದಿದ್ದವು, ಈಸ್ಟರಿಗೆ ಮೂರು.
ನಾನು ಬೆಳೆದಂತೆಲ್ಲ
ಅಪ್ಪ ಸ್ಪ್ಯಾನರು ಹಿಡಿದು ಒಂದೊಂದೇ ಬಿಚ್ಚುತ್ತಾನೆ.
ಬೇರೆ ಮನೆಗಳಲ್ಲಿ ಬಾಗಿಲಿಗೆ ಗೀಟೆಳೆದು
ಮಕ್ಕಳ ಎತ್ತರ ಗುರುತು ಹಾಕುತ್ತಾರಂತೆ.
ನಮ್ಮ ಬೇಕರಿಯ ಕಿಟಕಿಯಲ್ಲಿ ಸೀಸದ ಸಾಲು.

ಶನಿವಾರ ಮಂಜು. ಪೋ ನದಿಯಿಂದ ಎದ್ದು
ಜೋಳದ ಹೊಲ ದಾಟಿ ಬಂದು ಟ್ರ್ಯಾಕಿನ ಮೇಲೆ ಮಲಗಿತ್ತು.
ಹನ್ನೊಂದಕ್ಕೆ ಪಾಪ್ಲರ್ ಮರಗಳು ಕಂಡವು, ಆಮೇಲೆ ನಾವು.
ಮೂರು ಹೀಟು. ಎಂಟನೆಯವಳು, ಆರು, ಮತ್ತೆ ಆರು.
ಪಕ್ಕೆಲುಬಿಗೆ ಎರಡು ಹೊಸ ಕಲೆ,
ಅಂಚುಗಲ್ಲು ಕೊಟ್ಟದ್ದೊಂದು, ತಾರ್ಚೀಸಿಯೊ ಕೊಟ್ಟದ್ದೊಂದು.
ರಾತ್ರಿ ಕಣ್ಣು ಮುಚ್ಚಿದರೂ
ಕೈ ತಿರುವುಗಳನ್ನು ತಿರುಗಿಸುತ್ತಲೇ ಇತ್ತು.

ಭಾನುವಾರ, ಫೈನಲ್ಲಿಗೆ ಮುಂಚೆ,
ಇನ್ನೊಂದು ಬಿಲ್ಲೆ ಬಿಚ್ಚಿ ಅಂಗೈಯಲ್ಲಿ ತೂಗಿದ.
ತಕ್ಕಡಿಯ ಮುಂದೆ ಉದ್ದ ಸಾಲು.
"ಬೇಡ ಬಿಡು, ಸರಿಯಿದೆ. ಈ ಬ್ರೆಡ್ಡು ತಿಂದರೆ ಸಮಸಮ."
ಮೂವತ್ತು ವರ್ಷ, ಬೆಳಗಿನ ಮೂರು ಗಂಟೆಯ ಕತ್ತಲಲ್ಲಿ
ಕಣಕ ಹರಿದು ಉಂಡೆ ಕಟ್ಟಿದ ಕೈ ಅದು,
ಇನ್ನೂರು ಎಂದರೆ ಇನ್ನೂರೇ.
"ತಿಂದೆಯಾ?"
"ತಿಂದೆ."
ಮಳೆಟೈರುಗಳ ಅಡಿಯಲ್ಲಿತ್ತು ಬ್ರೆಡ್ಡು.
ಹೊಟ್ಟೆಯೊಳಗೆ ಆಗಲೇ ಇಪ್ಪತ್ತೆರಡು ಇಂಜಿನ್ನು
ಸ್ಟಾರ್ಟ್ ಆಗಿದ್ದವು, ಜಾಗವೆಲ್ಲಿ?

ಕೆಂಪು ದೀಪ ಆರಿತು.
ಮೊದಲ ತಿರುವಿನಲ್ಲಿ ಯಾರೋ ಯಾರನ್ನೋ ಹತ್ತಿದರು,
ನಾನು ಹುಲ್ಲಿನಂಚು ಹಿಡಿದು ನುಸುಳಿದೆ.
ಆಮೇಲಿನದು ಹೇಳಲು ಬರುವುದಿಲ್ಲ.
ಇಂಜಿನ್ನಿನ ಕೂಗು ಒಂದು ಹಂತದಲ್ಲಿ ಸದ್ದೇ ಅಲ್ಲ,
ನೀರೊಳಗೆ ಮುಳುಗಿದಾಗ ಇರುತ್ತದಲ್ಲ, ಹಾಗೆ.
ಕೊನೆಯ ಸುತ್ತು. ತಾರ್ಚೀಸಿಯೊ ಹಿಂತಿರುಗಿ ನೋಡಿದ,
ಅಷ್ಟು ಹೊತ್ತು ಸಾಕಿತ್ತು.
ಮೂರನೆಯವಳು! ಬೇಲಿಯಾಚೆ ಅಪ್ಪ
ಟೋಪಿ ಎಸೆದ; ಹಿಟ್ಟು ಹಾರಿತೋ, ನನಗೆ ಹಾಗನಿಸಿತೋ.

ತಕ್ಕಡಿ: ನೂರಾ ಒಂಬತ್ತು ಪಾಯಿಂಟ್ ಎಂಟು.
ಕನ್ನಡಕದ ಹೆಂಗಸು ಇಳಿಸಿದಳು, ಮತ್ತೆ ಹತ್ತಿಸಿದಳು.
ಪಾಯಿಂಟ್ ಎಂಟು.
ಅವಳ ದನಿಯಲ್ಲಿ ಕೆಡುಕಿರಲಿಲ್ಲ,
ಪೆನ್ನಿನಿಂದ ನನ್ನ ನಂಬರಿನ ಮೇಲೆ ಒಂದು ಗೀಟು.
ಅಪ್ಪ ತಕ್ಕಡಿ ನೋಡಲಿಲ್ಲ, ವಾದ ಮಾಡಲಿಲ್ಲ.
ತನ್ನ ಬಲಗೈಯನ್ನು
ಬೇರೆಯವರ ಸಾಮಾನಿನ ಹಾಗೆ ತಿರುಗಿಸಿ ನೋಡಿದ.

ವಾಪಸು ದಾರಿ. ಟೋಲಿನಲ್ಲಿ
ಚಿಲ್ಲರೆಯನ್ನು ಎರಡು ಸಲ ಎಣಿಸಿದ,
ಎಂದೂ ಎಣಿಸದವನು.
ಅದೊಂದು ನನ್ನಿಂದ ನೋಡಲಾಗಲಿಲ್ಲ.
ಬೆಲ್ಟು ಬಿಚ್ಚಿ ಹಿಂದಕ್ಕೆ ತೆವಳಿ
ಟೈರಿನಡಿಯಿಂದ ಬ್ರೆಡ್ಡು ತೆಗೆದು
ಗೇರಿನ ಮೇಲಿದ್ದ ಆ ಕೈಯಲ್ಲಿಟ್ಟೆ.

ಬಹಳ ದೂರ ಮಾತಿಲ್ಲ. ಒಂದು ಲಾರಿ ದಾಟಿತು.
ಅಂಗೈ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಯಿತು.
"ನೂರೆಂಬತ್ತು," ಎಂದ.
"ಒಣಗಿ ಇಪ್ಪತ್ತು ಹೋಗಿದೆ."
ಮುರಿದು ದೊಡ್ಡ ಚೂರು ನನಗೆ ಕೊಟ್ಟ.
ರಬ್ಬರಿನ ರುಚಿ. ಮನೆ ಬರುವವರೆಗೂ ಅಗಿದೆ.