ಕುದುರೆಗೆ ಅಂಟಿಲ್ಲ

ತಂತಿ ಎಲ್ಲ ಒಟ್ಟಿಗೆ ಬಿಚ್ಚಬೇಡ ಅಂದೆ.
ಡನೂತಾ ನಕ್ಕಳು. ಅವಳಪ್ಪನ ಕಾಲದಿಂದ
ಬಫಲೋ ಊರಿನ ಗಿಟಾರುಗಳ ಹೊಟ್ಟೆಗೆ ಕೈ ಹಾಕಿದವಳಿಗೆ
ಬಸ್ಸು ಓಡಿಸಿ ನಿವೃತ್ತನಾದ ನಾನು,
ಲೆಮ್ಯುಯೆಲ್ ಪರ್ಡಿ, ಪಾಠ ಹೇಳುವುದೇ!
ಆದರೂ ಹೇಳಿದೆ: ಒಂದು ಬಿಚ್ಚು, ಒಂದು ಕಟ್ಟು.
ಈ ಜಾತಿಯಲ್ಲಿ ಕುದುರೆಗೆ ಅಂಟಿಲ್ಲ, ಮೊಳೆಯಿಲ್ಲ,
ಆರು ತಂತಿ ಅದುಮಿದ ಭಾರಕ್ಕೇ ನಿಂತ
ಕರಿಮರದ ತುಂಡು.
ಭಾರ ತೆಗೆದರೆ ಜಾಗ ಮರೆಯುತ್ತದೆ.
ಕೆಲಸ ಬಿಟ್ಟ ಮೊದಲ ವಾರ ನಾನೂ
ನಾಲ್ಕೂವರೆಗೆ ಎದ್ದು, ಬೂಟು ಹಾಕಿಕೊಂಡು,
ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ.

ಕೊಂಡದ್ದು ಎಪ್ಪತ್ತೊಂಬತ್ತರಲ್ಲಿ, ಒತ್ತೆ ಅಂಗಡಿಯಲ್ಲಿ,
ಒಂದು ಟ್ರಂಪೆಟ್ಟು, ಎರಡು ಮದುವೆಯುಂಗುರಗಳ ನಡುವೆ.
ಎದೆ ಸ್ಪ್ರೂಸು, ಬೆನ್ನು ಮೇಪಲ್ಲು, ಹೊಟ್ಟೆ ಪೂರಾ ಖಾಲಿ,
ಎರಡೂ ಪಕ್ಕ ಹಾವಿನ ಮರಿಯಂತೆ ಬಳುಕಿದ ಸೀಳು.
ಎಂಬತ್ತೆರಡರ ಚಳಿಗಾಲ,
ಒಂದು ಪಿಕಪ್ಪು ಸಾಲದು ಅನ್ನಿಸಿ
ಇಸ್ತ್ರಿ ಮೇಜಿನ ಮೇಲೆ ಅಂಗಾತ ಮಲಗಿಸಿ
ಬಾಡಿಗೆ ಡ್ರಿಲ್ಲಿನಿಂದ, ನನ್ನ ಕೈಯಾರೆ,
ಎದೆಗೆ ಚೌಕ ಕಿಂಡಿ ಕೊರೆದೆ.
ಎಲ್ಡೋರಾ ಬಾಗಿಲಲ್ಲಿ ನಿಂತು ಬೇರೆಲ್ಲೋ ನೋಡಿದಳು.
ಹೊಸ ಪಿಕಪ್ಪು ಎರಡೇ ತಿಂಗಳಿಗೆ ಬೇಸರವಾಯಿತು.
ಕಿತ್ತೆ. ಕಿಂಡಿ ಉಳಿಯಿತು.
ಕರಿ ಪ್ಲಾಸ್ಟಿಕ್ಕಿನ ಮುಚ್ಚಳ ಬಡಿದೆ:
ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು.

ಹೋದ ತಿಂಗಳು ಕ್ಲೀವ್‌ಲೆಂಡಿನ ವ್ಯಾಪಾರಿಯೊಬ್ಬ
ಮುಚ್ಚಳ ಎತ್ತಿ, ಹಲ್ಲಿನ ಡಾಕ್ಟರಂತೆ ಉಸಿರೆಳೆದುಕೊಂಡು
‘ಇದೊಂದು ಇಲ್ಲದಿದ್ದರೆ ಮೂರರಷ್ಟು ಕೊಡುತ್ತಿದ್ದೆ’ ಎಂದ.
ಕಾಫಿ ಕುಡಿಸಿ ಕಳಿಸಿದೆ.
ಅವನಿಗೇನು ಗೊತ್ತು,
ಹೊರಗೆ ಈರೀ ಸರೋವರದ ಹಿಮ, ಒಳಗೆ ಹೀಟರಿನ ಒಣ ಬಿಸಿ,
ಮರ ಬಿರಿಯದಿರಲೆಂದು ಪೆಟ್ಟಿಗೆಯಲ್ಲಿ
ತೂತು ಕೊರೆದ ಸೋಪಿನ ಡಬ್ಬಿ, ಅದರೊಳಗೆ ಒದ್ದೆ ಸ್ಪಂಜು,
ನವೆಂಬರಿನಿಂದ ಏಪ್ರಿಲ್‌ವರೆಗೆ ಬಾಣಂತಿ ಆರೈಕೆ.

ಈಗ ಬಂದದ್ದು ಸಣ್ಣ ಕಾಯಿಲೆಗೆ:
ವಾಲ್ಯೂಮು ತಿರುಗಿಸಿದರೆ ಹುರಿಗಡಲೆ ಅಗಿದ ಸದ್ದು.
ಮೀನು ಹಿಡಿಯುವ ದಾರ ಕಟ್ಟಿ
ಡನೂತಾ ಅದನ್ನು ಸೀಳಿನಿಂದ ಹೊರಗೆಳೆದಳು,
ಪುಟ್ಟ ಕನ್ನಡಿ, ಪುಟ್ಟ ಬಲ್ಬು ಒಳಗಿಳಿಸಿ
‘ಯಾರೋ ಇದ್ದಾರೆ’ ಅಂದಳು.
ಬಾಲದ ಕಡೆಯ ಮೂಲೆಯಿಂದ
ಇಕ್ಕಳದಲ್ಲಿ, ಸೂಲಗಿತ್ತಿಯ ತಾಳ್ಮೆಯಲ್ಲಿ ಎಳೆದದ್ದು
ಉಣ್ಣೆಯ ಒಂಟಿ ಕಾಲುಚೀಲ.
ಬೂದಿ ಬಣ್ಣ. ಹಿಮ್ಮಡಿಗೆ ಕೆಂಪು ದಾರದ ತೇಪೆ.
ನನ್ನದಲ್ಲ.
ನಮ್ಮ ಮನೆಯಲ್ಲಿ ಯಾರಿಗೂ ಅಷ್ಟು ಚೆಂದ ತೇಪೆ ಹಾಕಲು ಬರುವುದಿಲ್ಲ.
ಕಿಂಡಿ ಕೊರೆದವನು
ಒಳಗೆ ನೋಡಿಯೇ ಇರಲಿಲ್ಲ.

ಹಾಗಾದರೆ ಇಷ್ಟು ವರ್ಷ, ಗುರುವಾರದ ರಾತ್ರಿ,
ಕ್ಲಿಯೋಟಾಳ ಆರ್ಗನ್ನಿನ ಪಕ್ಕ ಕೂತು,
‘ಲೆಮ್, ಆ ಮೆತ್ತನೆ ದನಿ ಎಲ್ಲಿಂದ ತರ್ತೀಯೋ’ ಅಂದವರಿಗೆಲ್ಲ
ಹೆಬ್ಬೆರಳು ಎತ್ತಿ ತೋರಿಸಿದ್ದೆನಲ್ಲ!

ಚೀಲವಿಲ್ಲದೆ ಆಂಪಿಗೆ ಜೋಡಿಸಿದಳು. ನುಡಿಸಿದ್ದು ಒಂದೇ ಸ್ವರ.
ಆಂಪಿನ ಸದ್ದು ಹೊಟ್ಟೆಗೆ ಹೋಗಿ, ಹೊಟ್ಟೆಯದು ಆಂಪಿಗೆ ಬಂದು,
ಅಂಚೆಯವನನ್ನು ಕಂಡ ನಾಯಿಯಂತೆ ಊಳಿಟ್ಟಿತು,
ಡಬ್ಬಿಯ ತಿರುಪುಗಳೆಲ್ಲ ಗಲಗಲ.
ಎರಡೂ ಅಂಗೈ ಒತ್ತಿ ಸುಮ್ಮನಾಗಿಸಿದೆ.

‘ಒಗೆದು ಹಾಕಲೇ?’
ಒಗೆಯಬೇಡ.
ಯಾರೋ ಉಕ್ಕಿನ ಕಾರ್ಖಾನೆಯವನೋ, ರೈಲಿನವನೋ,
ಕುಣಿತದ ಹಾಲಿನಲ್ಲಿ ಗಿಟಾರು ಊಳಿಟ್ಟ ರಾತ್ರಿ
ಪರದೆಯ ಹಿಂದೆ ಕೂತು ಬೂಟು ಬಿಚ್ಚಿದ್ದಾನೆ.
ಎಡಗಾಲಿನದೋ ಬಲಗಾಲಿನದೋ, ಕಾಲುಚೀಲಕ್ಕೆ ಆ ಭೇದವಿಲ್ಲ.
ಬರಿಗಾಲನ್ನು ಬೂಟಿಗೆ ತುರುಕಿ ಉಳಿದದ್ದು ನುಡಿಸಿದ್ದಾನೆ.
ಯಾವುದೋ ತಿಂಗಳು ಒತ್ತೆಯಿಟ್ಟವನು
ಬಿಡಿಸಿಕೊಳ್ಳಲು ಬರಲಿಲ್ಲ.

ಡನೂತಾ ಚೀಟಿ ಬರೆದಳು: ವಾಲ್ಯೂಮು, ವೈರು,
ಚಪ್ಪಟೆ ಸುತ್ತಿನ ತಂತಿ ಒಂದು ಸೆಟ್ಟು.
ಕಾಲುಚೀಲಕ್ಕೆ ಕೂಲಿಯಿಲ್ಲ.
ಕಿಂಡಿಗೆ ಮರ ತುಂಬಿಸಲೇ, ಗುರುತೇ ಸಿಗದ ಹಾಗೆ, ಅಂದಳು.
ಬೇಡ. ಮುಂದಿನವನಾದರೂ ಬಗ್ಗಿ ನೋಡಲಿ.

ವಾಪಸು ಬರುವಾಗ ಬಸ್ಸಿನಲ್ಲಿ ಹೊಸ ಹುಡುಗ,
ಪ್ರತಿ ಸಿಗ್ನಲ್ಲಿಗೂ ಬ್ರೇಕು ಎದೆ ಗುದ್ದುವಂತೆ ಒತ್ತುತ್ತಾನೆ.
ಏನೂ ಅನ್ನಲಿಲ್ಲ.
ಪೆಟ್ಟಿಗೆಯನ್ನು ಮೊಣಕಾಲ ನಡುವೆ ಅದುಮಿ ಹಿಡಿದೆ.