ಪ್ರಯಾಣದ ಉದ್ದೇಶ

ಎರಡು ಸರ್ಕಾರಗಳ ರುಜು ಬಿದ್ದದ್ದು ದಿಲ್ಲಿಯಲ್ಲಿ.
ನನ್ನ ಪಾಲಿಗೆ ಬಂದದ್ದು ಒಂದು ಜೀಪು, ಹೊಸ ಟೈರು,
ಹಸಿರು ರಟ್ಟಿನ ಲಾಗ್ ಬುಕ್ಕು.
ಮಂಗಳವಾರ ಮಂಗಳವಾರ ಮಾನಂದವಾಡಿ ರಸ್ತೆಯಲ್ಲಿ
ಇವಾಕಿ ಸಾಹೇಬರನ್ನು ಹತ್ತಿಸಿಕೊಂಡು
ಬನ್ನೂರು ದಾಟಿ, ಮಳವಳ್ಳಿ ಮಗ್ಗುಲಿಗೆ,
ಹುಣಸೆಮೆಳೆದೊಡ್ಡಿಗೆ.
ಉದ್ದೇಶ ಎಂಬ ಕಾಲಂನಲ್ಲಿ ಪ್ರತಿ ಸಲವೂ
‘ತಾಂತ್ರಿಕ ಭೇಟಿ’ ಎಂದು ಬರೆಯತಕ್ಕದ್ದು.

ದುಭಾಷಿಗೆ ಬರುತ್ತಿದ್ದದ್ದು ಜಪಾನಿ ಮತ್ತು ಇಂಗ್ಲಿಷು.
ನಿಂಗಾಜಮ್ಮನಿಗೆ ಅವೆರಡೂ ಬಾರವು.
ಮೂರನೇ ವಾರದಿಂದ ಅವನಿಗೆ ಜೀಪಿನಲ್ಲೇ ನಿದ್ದೆ,
ಹುಳದ ಮನೆಯೊಳಕ್ಕೆ ನಾನು.

ಮೊದಲ ದಿನ ಬಾಗಿಲಲ್ಲೇ ಆಕೆ ಕೈ ಅಡ್ಡ ಹಿಡಿದಿದ್ದಳು:
‘ಮೆಟ್ಟು ಬುಟ್ಬುಟ್ಟು ಬರಕ್ಕೇಳು ಸಾಯೇಬ್ರಿಗೆ,
ಹುಳ ಅವೆ ಒಳಗೆ.’
ನಾನು ಬಾಯಿ ತೆರೆಯುವ ಮುಂಚೆ
ಅವರು ಬೂಟು ಕಳಚಿ, ಮೂತಿ ಹೊರಕ್ಕೆ ಮಾಡಿ ಜೋಡಿಸಿ
ಸುಣ್ಣದ ಪುಡಿ ತುಳಿದು ಒಳಗೆ ಬಂದಾಗಿತ್ತು.
ನಿಂಗಾಜಮ್ಮ ಆ ಬೂಟನ್ನೇ ನೋಡಿದಳು.
‘ಪರವಾಗಿಲ್ಲ, ಮನೆತನಸ್ಥರು.’

ನಮ್ಮದು ಹಳದಿ ಗೂಡಿನ ಮೈಸೂರು ತಳಿ,
ಗಟ್ಟಿ ಜೀವ, ಬಡ ನೂಲು.
ಅವರದು ಬಿಳಿ ಗೂಡು, ಮೈಲಿಗಟ್ಟಲೆ ಎಳೆ,
ಅರಸು ಮಕ್ಕಳ ನಾಜೂಕು.
ಕೂಡಿಸುವುದೇ ಯೋಜನೆ.
‘ಎರಡು ದೇಶಗಳ ಸಂಬಂಧ’ ಅಂತ ಬೋರ್ಡು ಓದಿ ಹೇಳಿದೆ.
‘ಸಂಬಂಧವಾ? ಎಣ್ಣು ಯಾರ ಕಡೇದು?’
ಹೆಣ್ಣು ನಮ್ಮದೇ, ಗಂಡು ಅವರದು.
ಅವತ್ತಿನಿಂದ ಇವಾಕಿ ಸಾಹೇಬರು ಬೀಗರು.
ಅವರಿಗೆ ಕಾಫಿ ಹಿತ್ತಾಳೆ ಲೋಟದಲ್ಲಿ,
ನನಗೆ ಸ್ಟೀಲಿನಲ್ಲಿ.

ಮೊದಲ ಬೆಳೆ ಮೂರು ಜ್ವರ ಎದ್ದಿತು.
ನಾಲ್ಕನೆಯದಕ್ಕೆ ಮಲಗಿದ ಹುಳ ಸೊಪ್ಪಿಗೆ ತಲೆಯೆತ್ತಲಿಲ್ಲ.
ಸಪ್ಪೆ ರೋಗ. ತಟ್ಟೆ ತಟ್ಟೆಯೂ ಮೆತ್ತಗೆ, ಕಪ್ಪಗೆ.
ತಿಪ್ಪೆಯಾಚೆ ಗುಂಡಿ ತೋಡಿ ಸುರಿದೆವು,
ಆಕೆಯ ಮೊಮ್ಮಗ ಚಿಕ್ಕಮಾಯಿ ಮತ್ತು ನಾನು.
ಚಂದ್ರಿಕೆಗಳು ಗೋಡೆಗೊರಗಿ ಖಾಲಿ ನಿಂತಿದ್ದವು.

ಆಗ ಇವಾಕಿ ಸಾಹೇಬರು ಮುದುಕಿಯ ಎದುರು ನಿಂತು
ಸೊಂಟದಿಂದ ಬಾಗಿದರು.
ಬಾಗಿದವರು ಏಳಲೇ ಇಲ್ಲ.
‘ಏನ್ ಬಿತ್ತು ಸಾಮಿ?’
ನಿಂಗಾಜಮ್ಮ ಗಾಬರಿಯಾಗಿ ತಾನೂ ಬಾಗಿ
ನೆಲ ತಡಕತೊಡಗಿದಳು,
ಗುಂಡಿಯೋ ಉಂಗುರವೋ ಕನ್ನಡಕದ ಗಾಜೋ.
ಸಗಣಿ ಸಾರಿಸಿದ ನೆಲದ ಮೇಲೆ
ಗೇಣು ಅಂತರದಲ್ಲಿ ಎರಡು ನರೆತ ತಲೆ.
ನಾನು ತರ್ಜುಮೆ ಮಾಡಲಿಲ್ಲ.

ಮಾರನೆಯ ಬೆಳೆ ಹಣ್ಣಾದ ರಾತ್ರಿ
ಅವರು ಅಲ್ಲೇ ಉಳಿದಿದ್ದರು. ಲಾಟೀನು ಎತ್ತಿ ಹಿಡಿದು
‘ಅಣ್ಣು! ಅಣ್ಣು!’ ಎಂದು ಕೂಗಿದ ಕೂಗಿಗೆ
ದೊಡ್ಡಿಯ ನಾಯಿಗಳೆಲ್ಲ ಎದ್ದವು.
ಅವರಿಗೆ ಬಂದ ಕನ್ನಡ ಅದೊಂದೇ ಪದ,
ಅದೂ ಹಕಾರವಿಲ್ಲದೆ, ಆಕೆ ಕಲಿಸಿದಂತೆ.

ಮೈಸೂರಿನ ದೊಡ್ಡ ಹೋಟೆಲಿನಲ್ಲಿ ಒಪ್ಪಂದ ನವೀಕರಣ.
ಇಬ್ಬರು ಮಂತ್ರಿಗಳು ಪೆನ್ನು ಬದಲಾಯಿಸಿಕೊಂಡರಂತೆ.
ಡ್ರೈವರುಗಳಿಗೆ ಮರದಡಿ ಪೊಟ್ಟಣದ ಪಲಾವ್.
ಹಾಲ್‌ನಲ್ಲಿ ಹಾಕಿದ್ದ ಹಾರಗಳು
ಸಂಜೆ ನನ್ನ ಜೀಪಿನಲ್ಲಿ ಬಾಡಿದವು.

ಐದನೇ ವರ್ಷ ಅವರು ಊರಿಗೆ ಹೊರಟರು.
ಆಕೆ ಬಾಗಲಿಲ್ಲ, ಮಂಡಿ ಆ ವೇಳೆಗೆ ಹೋಗಿತ್ತು.
ಅಚ್ಚು ಬೆಲ್ಲ, ಎಲೆಯಡಿಕೆ, ಒಂದು ಪಂಚೆ
ಕಿಟಕಿಯಿಂದ ತೊಡೆಯ ಮೇಲಿಟ್ಟು,
‘ನಮ್ಮುಡುಗೀನ ಚೆಂದಾಗಿ ನೋಡ್ಕಳಿ ಅನ್ನು’ ಅಂದಳು.
ಅದನ್ನು ಮಾತ್ರ ಹೇಳಿದೆ,
ಬಂದಷ್ಟು ಜಪಾನಿಯಲ್ಲಿ, ಉಳಿದದ್ದು ಕೈಯಲ್ಲಿ.
ಬನ್ನೂರಿನವರೆಗೂ ಅವರು ಕನ್ನಡಕ ಒರೆಸುತ್ತಲೇ ಇದ್ದರು.

ರಾತ್ರಿ ಶೆಡ್ಡಿನಲ್ಲಿ ಲಾಗ್ ಬುಕ್ಕು ತೆಗೆದೆ.
ನೂರಾ ಹದಿನಾಲ್ಕು ಕಿಲೋಮೀಟರು. ಉದ್ದೇಶ:
‘ಬೀಗರನ್ನು ಬಿಟ್ಟುಬರಲು.’

ಆಡಿಟ್‌ನವರು ಕೆಂಪು ಶಾಯಿಯಲ್ಲಿ ಸುತ್ತಿದರು:
ಬಂಧುಗಳ ಸಲುವಾಗಿ ಸರ್ಕಾರಿ ವಾಹನ ಬಳಕೆ, ವಿವರಣೆ ಕೊಡಿ.
ಕೊಡಲಿಲ್ಲ.
ನಿವೃತ್ತನಾಗಿ ಎಂಟು ವರ್ಷ,
ಆ ಕಡತ ಇನ್ನೂ ಮುಚ್ಚಿಲ್ಲವಂತೆ.